ಒಂದೇ ಕಾರಿನ ಗ್ಯಾರೇಜು

ನನ್ನ ಮೈದುನ ವೆಂಡೆಲ್‌ನದು ಅರವತ್ತೊಂಬತ್ತರ ಮಾಡೆಲ್ ಡಾಡ್ಜ್ ಚಾರ್ಜರ್ ಕಾರು. ನನ್ನದು ಅರವತ್ನಾಲ್ಕರ ಪ್ಲಿಮತ್ ವೇಲಿಯಂಟ್. ನಮ್ಮ ಅತ್ತೆ ಓಪಲ್ ಅವರ ಗ್ಯಾರೇಜಿನಲ್ಲಿ ಒಂದೇ ಕಾರಿಗೆ ಜಾಗ. ಓಹಾಯೋದ ಚಳಿಗಾಲದಲ್ಲಿ ಹೊರಗೆ ನಿಂತ ಕಾರಿಗೆ, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪಿನ ನೀರು ರಾಚಿ ರಾಚಿ ತುಕ್ಕು ಹಿಡಿಯುತ್ತದೆ. ನನ್ನ ಕಾರಿನ ಅಡಿತಗಡು ಆಗಲೇ ಸವೆದಿತ್ತು. ಇನ್ನೊಂದು ಚಳಿಗಾಲ ಹೊರಗೆ ಕಳೆದರೆ ಗುಜರಿಗೇ. ಮೊದಮೊದಲ ಸಂಬಳ ಕೂಡಿಟ್ಟು ಕೊಂಡ ಕಾರು ಅದು. ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ.

"ಭಾನುವಾರ ಊರಿನ ಕಾರು ಪಂದ್ಯದಲ್ಲಿ ನಿಮ್ಮಿಬ್ಬರಲ್ಲಿ ಗೆದ್ದವರ ಕಾರು ಒಳಗೆ. ಇನ್ನು ನನ್ನ ತಲೆ ತಿನ್ನಬೇಡಿ," ಅಂದುಬಿಟ್ಟರು ಅತ್ತೆ.

ವೆಂಡೆಲ್ ನಕ್ಕ. "ಅತ್ತಿಗೆ, ನಿಮ್ಮ ಬಿಸ್ಕತ್ತಿನ ಡಬ್ಬಿ ಬಂದು ಮುಟ್ಟೋ ಹೊತ್ತಿಗೆ ನಾನು ಹಾಟ್‌ಡಾಗ್ ತಿಂದು ಕೈ ತೊಳ್ಕೊಂಡಿರ್ತೀನಿ."

"ತಿನ್ನಪ್ಪಾ. ಆ ಆನೆಗೆ ಮೇವು ಹಾಕಿ ಮಿಕ್ಕಿದ್ರೆ ತಾನೇ ನಿನಗೆ ಊಟ," ಅಂದೆ.

ಸುಳ್ಳಲ್ಲ. ಎಂಟು ಸಿಲಿಂಡರಿನ ಚಾರ್ಜರ್ ಹೊರಟರೆ ಎದೆ ನಡುಗುತ್ತದೆ, ನನಗೂ ಆಸೆಯಾಗುತ್ತದೆ, ಯಾಕೆ ಮುಚ್ಚಿಡಲಿ? ಆದರೆ ಪೆಟ್ರೋಲನ್ನು ನೀರು ಕುಡಿದ ಹಾಗೆ ಕುಡಿಯುತ್ತದೆ, ವರ್ಷಕ್ಕೆರಡು ಸಲ ಮೆಕ್ಯಾನಿಕ್ ಹತ್ತಿರ ಹೋಗಿ ಕೂರುತ್ತದೆ. ವೇಲಿಯಂಟಿಗೆ ಆರೇ ಸಿಲಿಂಡರು. ಅದರ ವಾಲ್ವ್ ಸರಿಮಾಡುವುದು, ಆಯಿಲ್ ಬದಲಿಸುವುದು ಎಲ್ಲ ನಾನೇ, ಅಡುಗೆಮನೆಯ ಏಪ್ರನ್ ಕಟ್ಟಿಕೊಂಡು. ಅದು ಇವತ್ತು ಹೇಗೋ ನಾಳೆಯೂ ಹಾಗೇ ಓಡುತ್ತದೆ.

ನಮ್ಮೂರ ಪಂದ್ಯದಲ್ಲಿ ಬೇಕಾದ್ದೂ ಅದೇ. ಕಾಲು ಮೈಲಿ ಓಡಲು ನಿಮ್ಮ ಕಾರಿಗೆ ಎಷ್ಟು ಸೆಕೆಂಡು ಬೇಕೆಂದು ಮೊದಲೇ ಗಾಜಿನ ಮೇಲೆ ಬರೆಯಬೇಕು. ಇಬ್ಬರು ಬರೆದ ಸೆಕೆಂಡುಗಳ ವ್ಯತ್ಯಾಸದಷ್ಟು ಮುಂಚೆ ನಿಧಾನದ ಕಾರನ್ನು ಬಿಡುತ್ತಾರೆ. ಮೊದಲು ಗೆರೆ ಮುಟ್ಟಿದವರು ಗೆದ್ದ ಹಾಗೆ, ಆದರೆ ಬರೆದದ್ದಕ್ಕಿಂತ ಬೇಗ ಓಡಿದರೆ ಸೋತ ಹಾಗೇ. ನಾನು ಇಪ್ಪತ್ತು ಬರೆದೆ. ವೆಂಡೆಲ್ ಹದಿನಾಲ್ಕು. ಹಿಂದಿನ ವಾರವಷ್ಟೇ ಮೆಕ್ಯಾನಿಕ್ ಅವನ ಕಾರ್ಬ್ಯುರೇಟರ್ ಬಿಚ್ಚಿ ಸರಿಮಾಡಿದ್ದ. ಆಮೇಲೆ ಈ ಮಹಾಶಯ ಒಮ್ಮೆಯೂ ಓಡಿಸಿ ನೋಡಿರಲಿಲ್ಲ, ಹಳೇ ಲೆಕ್ಕವನ್ನೇ ಗೀಚಿದ.

ಹಸಿರು ದೀಪ ಹತ್ತಿತು, ಹೊರಟೆ. ಅರ್ಧ ದಾರಿ ನಾನೊಬ್ಬಳೇ. ಆಮೇಲೆ ಕನ್ನಡಿಯಲ್ಲಿ ಅವನ ಕಾರು ದೊಡ್ಡದಾಗುತ್ತಾ ಬಂತು. ಆದರೂ ಆಕ್ಸಿಲರೇಟರಿನ ಮೇಲಿಟ್ಟ ಕಾಲು ಕದಲಿಸಲಿಲ್ಲ. ಗೆರೆ ಮುಟ್ಟುವ ಮೊದಲೇ ಭರ್ರೆಂದು ನನ್ನನ್ನು ದಾಟಿ ಹೋದ, ಕಿಟಕಿಯಿಂದ ಕೈ ಬೀಸುತ್ತಾ.

ಗೆದ್ದವರ ದೀಪ ಹತ್ತಿದ್ದು ನನ್ನ ಕಡೆ. ನನ್ನ ಕಾರು ಇಪ್ಪತ್ತರ ಮೇಲೆ ಕೂದಲೆಳೆಯಷ್ಟು. ಅವನದು ಹದಿಮೂರೂವರೆ, ಬರೆದದ್ದಕ್ಕಿಂತ ಅರ್ಧ ಸೆಕೆಂಡು ಬೇಗ.

"ಮೊದಲು ಮುಟ್ಟಿದೋನು ನಾನು," ಅಂತ ವಾದಕ್ಕೆ ನಿಂತ ವೆಂಡೆಲ್.

"ಮುಟ್ಟಿದೆ ಕಣೋ, ಯಾರು ಇಲ್ಲ ಅಂದರು? ನಿನ್ನ ಕಾರು ನಿನಗೇ ಗೊತ್ತಿಲ್ವಲ್ಲೋ," ಅಂದೆ.

"ಆತುರಗಾರನಿಗೆ ಬುದ್ಧಿ ಮಟ್ಟ," ಅಂದರು ಅತ್ತೆ, ಮಡಚುವ ಕುರ್ಚಿಯಿಂದ ಏಳದೆ. "ನೇಡೀನ್, ಕಾರು ಒಳಗೆ ಬಿಡಮ್ಮಾ."

ಸಂಜೆ ವೇಲಿಯಂಟನ್ನು ಒಳಗೆ ಬಿಟ್ಟು, ಅದರ ಬಾನೆಟ್ ಸವರಿದೆ. ಖುಷಿಗೆ ಕಣ್ಣು ತುಂಬಿ ಬಂತು. ಹೊರಗೆ ವೆಂಡೆಲ್ ಚಾರ್ಜರಿಗೆ ಟಾರ್ಪಾಲು ಹೊದಿಸುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲ ಹತ್ತಿರ ಬಂದು ನಿಂತ.

"ಅತ್ತಿಗೆ, ಆ ಏಪ್ರನ್ ಇನ್ನೊಂದಿದೆಯಾ?"

"ಇದೆ, ಕೊಡೋಣ," ಅಂದೆ. "ಮೊದಲು ನನ್ನ ಗ್ಯಾರೇಜಿನ ಬಾಗಿಲು ಎಳಿ."