ದಂಡೆಯ ಮೇಲಿನ ಈಸು

ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಯಲಬುರ್ಗಾ ಸೀಮೆಯ ನಮ್ಮೂರಿಗೆ ಇದ್ದದ್ದು ಮೆಟ್ಟಿಲಿನ ಒಂದೇ ದೊಡ್ಡ ಬಾವಿ. ಊರ ಹೊರಗಿನ ಕೇರಿಯ ಮಾರೆಪ್ಪ ಅದರ ನೀರು ಮುಟ್ಟುವಂತಿರಲಿಲ್ಲ. ಆದರೆ ಯಾರಾದರೂ ಅದರಲ್ಲಿ ಬಿದ್ದು ಸತ್ತರೆ ಅವನನ್ನೇ ಕರೆಯುತ್ತಿದ್ದರು. ಆ ಹೊತ್ತು ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಮಾರೆಪ್ಪ ಮುಳುಗಿ ಹೆಣ ತರುತ್ತಿದ್ದ. ಅವನ ಉಡಿಗೆ ಒಂದಿಷ್ಟು ಜೋಳ ಸುರಿದು ಕಳಿಸಿ, ಬಾವಿಗೆ ಗೋಮೂತ್ರ ಚಿಮುಕಿಸಿ, ಊರು ಮತ್ತೆ ಆರಾಮಾಗಿ ನೀರು ಕುಡಿಯುತ್ತಿತ್ತು. ಎಂಥ ಜಾಣರು ನಮ್ಮೂರವರು!

ಮಾರೆಪ್ಪ ಬೆಳೆದದ್ದು ತುಂಗಭದ್ರೆಯ ದಂಡೆಯಲ್ಲಿ, ಮುನಿರಾಬಾದಿನ ಹತ್ತಿರದ ತಾಯಿಯ ತವರಿನಲ್ಲಿ. ನೀರಿನೊಳಗೆ ಅವನಷ್ಟು ಹೊತ್ತು ಉಸಿರು ಹಿಡಿಯುವವರು ಸುತ್ತಮುತ್ತ ಯಾರೂ ಇರಲಿಲ್ಲ. "ದೇವ್ರು ನಿನಗ ಕೊಟ್ಟಿದ್ದು ನಿನ್ನೊಬ್ಬನ ಸಲುವಾಗಿ ಅಲ್ಲಪಾ" ಎಂದು ತಾಯಿ ಫಕೀರಮ್ಮ ಹೇಳುತ್ತಿದ್ದಳು. ಹಾಗಾದರೆ ಹೆಣ ತೆಗೆಯಲೆಂದೇ ಕೊಟ್ಟನೇ ಎಂಬ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು.

ಒಂದು ಬೇಸಿಗೆಯಲ್ಲಿ ವಿಧವೆ ಕಸ್ತೂರೆಮ್ಮನ ಮಗ ಬಾವಿಗೆ ಬಿದ್ದ. ಅವನ ಹೆಣವನ್ನು ಮೇಲೆ ತಂದು ತಾಯಿಯ ಮುಂದೆ ಮಲಗಿಸಿದ್ದೂ ಮಾರೆಪ್ಪನೇ. ಕೆಲವು ದಿನ ಬಿಟ್ಟು ಊರ ಹಿರಿಯ ಹನುಮಂತಪ್ಪನ ಅಂಗಳದಾಚೆ ನಿಂತು ಕೇಳಿದ.

"ಯಪ್ಪಾ, ಊರ ಹುಡುಗ್ರಿಗೆ ಈಸು ಕಲಸ್ತೇನ್ರಿ. ಹೆಣ ತಗದು ತಗದು ಸಾಕಾಗೇತ್ರಿ."

"ನೀ ಕೈ ಹಿಡದು ನಮ್ಮ ಹುಡುಗ್ರನ್ನ ಈಸಸ್ತಿ? ಭಾಳ ಛಲೋ ಆತು ಬಿಡು!" ಎಂದು ಹನುಮಂತಪ್ಪ ನಕ್ಕ.

ಈ ಮಾತು ಕಿವಿಗೆ ಬಿದ್ದಾಗ ಕಸ್ತೂರೆಮ್ಮ ನಗಲಿಲ್ಲ. ಉಳಿದಿದ್ದ ಒಬ್ಬಳೇ ಮಗಳು ಸಣ್ಣವ್ವನನ್ನು ಕರೆತಂದು ಹನುಮಂತಪ್ಪನ ಬಾಗಿಲಲ್ಲಿ ಕೂತುಬಿಟ್ಟಳು. "ಈಕಿನ್ನೂ ಬಾವಿಗೆ ಕೊಡ್ಲೇನ್ರಿ?" ಎಂದಳು. ಹನುಮಂತಪ್ಪ ಕೊನೆಗೆ ಒಪ್ಪಿದ, ಆದರೆ ಕರಾರು ಹಾಕಿ. ಮಾರೆಪ್ಪ ಬಾವಿಯ ದಂಡೆ ಬಿಟ್ಟು ಕೆಳಗಿಳಿಯಬಾರದು, ನೀರು ಮುಟ್ಟಬಾರದು, ಮಕ್ಕಳನ್ನೂ ಮುಟ್ಟಬಾರದು. ಬಾಯಿಂದ ಬೇಕಾದಷ್ಟು ಕಲಿಸಲಿ.

ನೀರು ಮುಟ್ಟದೆ ಈಸು ಕಲಿಸುವುದನ್ನು ಯಾರಾದರೂ ಕಂಡಿದ್ದಾರೆಯೇ? ನಮ್ಮೂರಲ್ಲಿ ಅದೂ ಆಯಿತು. ಮಾರೆಪ್ಪ ದಂಡೆಯ ಕಲ್ಲಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿದು ತೋರಿಸುವನು. ಕೆಳಗೆ ಮಕ್ಕಳು ಬಿದ್ದು ಬಿದ್ದು ನಕ್ಕು, ತೇಲಲೆಂದು ಬೆನ್ನಿಗೆ ಕತ್ತಾಳಿ ಬೆಂಡು ಕಟ್ಟಿಕೊಂಡು ನೀರಿನಲ್ಲಿ ಹಾಗೆಯೇ ಬಡಿಯುವರು. ಕರಾರು ಮುರಿಯದಂತೆ ಕಾಯಲು ಹನುಮಂತಪ್ಪ ದಿನಾ ಬಂದು ಕೂರುತ್ತಿದ್ದ. ಮೊಣಕೈ ತರಚಿ ರಕ್ತ ಬಂದರೂ ಮಾರೆಪ್ಪನ ಮುಖ ಅರಳಿರುತ್ತಿತ್ತು. ಕೆಲವು ಹುಡುಗರು ಬೆಂಡಿಲ್ಲದೆ ಈಸತೊಡಗಿದರು. ಇನ್ನು ತಾನು ಹೆಣಕ್ಕಾಗಿ ಇಳಿಯಬೇಕಾಗಲಾರದು ಎಂದು ಅವನು ಕೇರಿಯ ತುಂಬ ಹೇಳಿಕೊಂಡು ತಿರುಗಿದ.

ಒಂದು ಮುಂಜಾನೆ ಸಣ್ಣವ್ವನ ಬೆಂಡಿನ ಗಂಟು ಸಡಿಲಾಗಿದ್ದು ಅವನಿಗೆ ಮೇಲಿನಿಂದಲೇ ಕಂಡಿತು. ತಾನೇ ಹೋಗಿ ಬಿಗಿಯುವ ಹಾಗಿರಲಿಲ್ಲ.

"ಯವ್ವಾ, ಗಂಟು ಬಿಗಿ ಆಗಿಲ್ರಿ, ಇನ್ನೊಂದು ಸುತ್ತು ಹಾಕ್ರಿ" ಎಂದು ಕೂಗಿದ.

ಮಗಳೊಂದಿಗೆ ಮೆಟ್ಟಿಲ ಮೇಲಿದ್ದ ಕಸ್ತೂರೆಮ್ಮ ಜಗ್ಗಿ ನೋಡಿ, "ಬಿಗಿ ಐತಪಾ" ಎಂದಳು.

ನಡುಬಾವಿಯಲ್ಲಿ ಬೆಂಡು ಕಳಚಿತು. ಹುಡುಗಿ ಒಮ್ಮೆ ಮೇಲೆದ್ದು ಮುಳುಗಿದಳು. ಈಸು ಬರುತ್ತಿದ್ದ ಹುಡುಗರು ಹೆದರಿ ಮೆಟ್ಟಿಲಿಗೆ ಅಂಟಿಕೊಂಡರು. ಮಾರೆಪ್ಪ ಹನುಮಂತಪ್ಪನ ಮುಖ ನೋಡಿದ.

"ಯಪ್ಪಾ, ಇಳೀಲೇನ್ರಿ?"

ಸತ್ತವರಿಗಾಗಿ ಇಳಿ ಎನ್ನುವ ರೂಢಿ ಇತ್ತು. ಜೀವ ಇದ್ದವರಿಗಾಗಿ ಏನನ್ನಬೇಕೋ ಹನುಮಂತಪ್ಪನಿಗೆ ಗೊತ್ತಿರಲಿಲ್ಲ. ಮಾರೆಪ್ಪ ಕಾಯದೆ ದಂಡೆಯಿಂದಲೇ ಹಾರಿದ.

ಸಣ್ಣವ್ವ ಬದುಕಿದಳು. ನೀರು ಕಾರಿ, ಅತ್ತು, ತಾಯಿಯ ಕೊರಳು ಹಿಡಿದುಕೊಂಡಳು.

ಅದೇ ಸಂಜೆ ಚಾವಡಿಯಲ್ಲಿ ಹಿರಿಯರು ಕೂಡಿದರು. ಮಾರೆಪ್ಪ ಕರಾರು ಮುರಿದಿದ್ದಾನೆ, ಈಸು ಕಲಿಸುವುದು ಇಲ್ಲಿಗೆ ನಿಲ್ಲಲಿ, ಕರೆಯುವ ತನಕ ಅವನು ಬಾವಿಯ ಕಡೆ ಸುಳಿಯಬಾರದು ಎಂದು ಹನುಮಂತಪ್ಪ ಹೇಳಿದ.

"ನನ್ನ ಮಗನ ಹೆಣ ತಗದಾಗ ಜ್ವಾಳ ಕೊಟ್ರಿ. ಮಗಳ ಜೀವ ಉಳಿಸಿದ್ದಕ್ಕ ಓಡಸ್ತೀರೇನು?" ಎಂದು ಕಸ್ತೂರೆಮ್ಮ ಚೀರಿದಳು. ಅವಳನ್ನು ಹೆಂಗಸರು ಎಳೆದುಕೊಂಡು ಹೋದರು.

ಚಾವಡಿಯ ಕೆಳಗೆ ನಿಂತಿದ್ದ ಮಾರೆಪ್ಪ ಮುಂದೆ ಬಂದ. ಅಷ್ಟು ಸಿಟ್ಟು ಅವನಿಗೆ ಎಂದೂ ಬಂದಿರಲಿಲ್ಲ.

"ಹಂಗಾರ ಕೇಳ್ರಿ. ಕಲಸಾಕ ಬಿಡಲಿಲ್ಲಂದ್ರ ಇನ್ನ ಮ್ಯಾಲ ಹೆಣಕ್ಕೂ ನಾ ಇಳಿಯಾಂವಲ್ಲ. ಯಾರರ ಬೀಳ್ಲಿ, ಯಾರರ ಸಾಯ್ಲಿ!"

ಆದರೆ ಹೇಳಿ ಮುಗಿಸುವಷ್ಟರಲ್ಲೇ ತಾನು ಹೇಳಿದ್ದು ಸುಳ್ಳೆಂದು ಮಾರೆಪ್ಪನಿಗೆ ಗೊತ್ತಾಯಿತು. ನಾಳೆ ಬಾವಿಯ ಕಡೆಯಿಂದ ಯಾರಾದರೂ ಕೂಗಿಕೊಂಡರೆ ಅವನು ಓಡಿಯೇ ಓಡುತ್ತಾನೆ. ಮುಳುಗುವವರನ್ನು ಬಿಟ್ಟು ಮನೆಯಲ್ಲಿ ಕೂರುವ ಶಕ್ತಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಅವನು ತಲೆ ತಗ್ಗಿಸಿದ.

ಇದು ಹನುಮಂತಪ್ಪನಿಗೂ ಗೊತ್ತಿತ್ತು. ಆತ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ.

"ಆಗ್ಲಿ ಬಿಡಪಾ, ಹೊತ್ತು ಬಂದಾಗ ನೋಡೂಣು" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಮನೆಗೆ ನಡೆದ.