ಪೆಟ್ಟಿಗೆಯೊಳಗಿನ ಕರಿ ತುಂಡು

ಮತದ ಪೆಟ್ಟಿಗೆಯ ಮುಚ್ಚಳ ತೆಗೆದು ಅಡೀಲಿಯಾ ಒಳಗೆ ಬಗ್ಗಿ ನೋಡಿದಳು. ಬಿಳಿ ಗೋಲಿಗಳ ನಡುವೆ ಒಂದು ಕರಿಯ ಚೌಕದ ತುಂಡು! ಒಂದು ಕರಿ ಬಿದ್ದರೂ ಹೊಸಬರನ್ನು ಬಳಗಕ್ಕೆ ಸೇರಿಸುವಂತಿಲ್ಲ. ಸಾಗಣೆ ಬಾಡಿಗೆಯಲ್ಲಿ ರೈಲಿನವರು ಮಾಡುತ್ತಿದ್ದ ಸುಲಿಗೆ ತಾಳಲಾರದೆ ಅವಳ ಅಜ್ಜ ಊರಿನ ಆಲೂಗಡ್ಡೆ ರೈತರನ್ನು ಒಟ್ಟುಮಾಡಿ ಬಳಗ ಕಟ್ಟಿದಾಗಲೇ ಮಾಡಿದ ನೇಮ ಅದು. ಆಗ ಈ ಸಭಾಮನೆ ಕಿಕ್ಕಿರಿಯುತ್ತಿತ್ತಂತೆ. ಈಗ ಉಳಿದವರಿಗೆ ಒಲೆಯ ಪಕ್ಕದ ಒಂದು ಸಾಲು ಸಾಕು. ಈ ವರ್ಷ ಒಬ್ಬನಾದರೂ ಸೇರದಿದ್ದರೆ ಮೇಲಿನ ಬಳಗದವರು ಬಂದು ಸಭಾಮನೆಗೆ ಬೀಗ ಜಡಿಯುತ್ತಾರೆ. ಸೇರಲು ಬಂದವನು ಪೆಲ್ಟಿಯೆ ಒಬ್ಬನೇ. ಹೆಂಡತಿ ಬೇಯಿಸಿಕೊಟ್ಟ ಬೀನ್ಸ್ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಕೋಣೆಯಲ್ಲಿ ಕಾಯುತ್ತಿದ್ದ.

ಇದು ಒಲೆಯ ಪಕ್ಕ ಕೂತ ಎಲ್ಬ್ರಿಜನದೇ ಕೆಲಸ, ಇನ್ಯಾರದು? ಪೆಲ್ಟಿಯೆಯಂಥ ಫ್ರೆಂಚ್ ಮಾತಿನವರನ್ನು ಕಂಡರೆ ಅವನಿಗಾಗದು.

"ಏನಮ್ಮ ಅಧ್ಯಕ್ಷೆ, ಬಾಯಿಗೆ ಬೀಗ ಬಿತ್ತಾ?" ಎಂದ ಎಲ್ಬ್ರಿಜ್.

"ಕರಿ ಬಿದ್ದಿದೆ. ಯಾರದೋ ಕೈ ತಪ್ಪಿರ್ಬೇಕು. ಇನ್ನೊಂದ್ಸಲ ಹಾಕೋಣ."

"ಅದಕ್ಕೆ ನನ್ ಮುಖ ಯಾಕೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಕೊಳ್ಳಲಿ!"

ಪೆಟ್ಟಿಗೆಗೆ ಇಳಿದ ಕೈ ಏನು ಹಾಕಿತೆಂದು ಯಾರಿಗೂ ಕಾಣುವುದಿಲ್ಲ. ಒಳಗೆ ನೋಡುವ ಹಕ್ಕು ಅಧ್ಯಕ್ಷೆಗೆ ಮಾತ್ರ. ಆದರೆ ಅಜ್ಜನ ಮಗ್ಗುಲಲ್ಲಿ ಕೂತು ಬೆಳೆದ ಅಡೀಲಿಯಾಳಿಗೆ ಸದ್ದು ಗೊತ್ತು. ಗೋಲಿಯಾದರೆ ಉರುಳುತ್ತದೆ, ತುಂಡು ಬಿದ್ದಲ್ಲೇ ಕೂರುತ್ತದೆ. ಪೆಟ್ಟಿಗೆಯನ್ನು ಬರಿದುಮಾಡಿ ತನ್ನ ಹತ್ತಿರಕ್ಕೆಳೆದುಕೊಂಡು ಕಿವಿ ನಿಮಿರಿಸಿದಳು.

ಎಲ್ಬ್ರಿಜನದು ಉರುಳಿತು. ಕಳ್ಳ, ಹೆದರಿ ಬದಲಾಯಿಸಿದ ಅಂದುಕೊಂಡಳು. ಉಳಿದವರದೂ ಒಂದೊಂದಾಗಿ ಉರುಳಿತು. ಕೊನೆಗೆ ಬಂದವನು ಬಾಗಿಲು ಕಾಯುವ ವಿನ್‌ಫೀಲ್ಡ್, ಅವಳ ಗಂಡ.

ಟಕ್.

ಅಯ್ಯೋ, ಇವನಾ! ಅವನ ತಮ್ಮನ ಹೊಲ ಹರಾಜಾದಾಗ ಕೊಂಡವನು ಪೆಲ್ಟಿಯೆ. "ಹೋಗ್ಲಿ ಬಿಡು, ಯಾರಾದ್ರೂ ತಗೋಬೇಕಿತ್ತಲ್ಲ" ಎಂದಿದ್ದ ವಿನ್‌ಫೀಲ್ಡ್. ಹೋದ ವಾರ ಅದೇ ಹೊಲದಲ್ಲಿ ಪೆಲ್ಟಿಯೆಯ ಜತೆ ಆಲೂಗಡ್ಡೆ ಅಗೆದು ನಗುನಗುತ್ತ ಬಂದಿದ್ದ. ಒಂದೇ ಹಾಸಿಗೆಯಲ್ಲಿ ಮಲಗುವ ಈ ಗಂಡಸು ಇನ್ನೂ ಏನೇನು ನುಂಗಿಕೊಂಡಿದ್ದಾನೋ ಎಂದು ಅವಳಿಗೆ ಭಯವಾಯಿತು.

ಮುಚ್ಚಳ ತೆಗೆದು ನೋಡಿದಳು. ಮುಚ್ಚಿದಳು.

"ಎಲ್ಲಾ ಬಿಳಿ," ಎಂದಳು.

ವಿನ್‌ಫೀಲ್ಡ್ ತಟ್ಟನೆ ತಲೆಯೆತ್ತಿದ. ಸುಳ್ಳೆಂದರೆ ಕರಿ ಹಾಕಿದವನು ತಾನೇ ಎಂದು ಒಪ್ಪಿಕೊಂಡಂತೆ.

"ಬಾಗಿಲು ತೆಗೀರಿ ಮತ್ತೆ. ಬೀನ್ಸ್ ಆರಿಹೋಗುತ್ತೆ."

ಅವನು ಚಿಲಕದ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತ ನಿಂತ. ಆಮೇಲೆ ಬಾಗಿಲು ತೆಗೆದು, ಪೆಲ್ಟಿಯೆಯ ಕೈಯಿಂದ ಮಡಕೆಯನ್ನು ಇಸಿದುಕೊಂಡ.