ಕೈಯಿಂದ ಕೈಗೆ ಕಬ್ಬಿಣ

ಗೆಥಿನ್ ಎಸೆದ ಕಡಿವಾಣ ಲೌರಿಯ ಮೊಣಕೈಗೆ ತಾಗಿ ಅಂಗಳದ ಹಾಸುಗಲ್ಲಿನ ಮೇಲೆ ಠಣ್ಣೆಂದು ಬಿತ್ತು. ಹೇಳಿಕೊಳ್ಳುವಂಥ ಏಟೇನಲ್ಲ. ಮದುವೆಯಾಗುವ ಹುಡುಗಿಗೆ ಕಮ್ಮಾರನ ಮಗ ಮತ್ತೇನು ತಂದಾನು? ಅವಳ ಕುದುರೆಗೆಂದು ತಾನೇ ಬಡಿದು, ಉಜ್ಜಿ, ಹೊಸ ತೊಗಲಿನ ಲಗಾಮು ಕಟ್ಟಿ ತಂದಿದ್ದ. ಖುಷಿಯಲ್ಲಿ "ಹಿಡ್ಕೊಳ್ಳೇ!" ಎಂದು ಎಸೆದಿದ್ದ, ಅಷ್ಟೆ.

ಕೂಗಿಕೊಂಡವಳು ಅವಳಲ್ಲ, ಅವಳಪ್ಪ. ಗೋಡೆಯ ಪಕ್ಕ ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಇಥೆಲ್ ಕುರಿಯನ್ನು ಅರ್ಧಕ್ಕೇ ಬಿಟ್ಟು ಓಡಿಬಂದ. ಮಗಳ ಲಂಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮಂಡಿಯೂರಿಬಿಟ್ಟ. ಊರಲ್ಲಿ ಯಾರ ಮುಂದೂ ದನಿ ಎತ್ತದ ಮನುಷ್ಯ.

"ಹೋಗ್ಬೇಡ ಕಣೇ! ನಿನ್ ಕಾಲಿಗ್ ಬೀಳ್ತೀನಿ, ಹೋಗ್ಬೇಡ!"

"ಎಲ್ಲಿಗಪ್ಪಾ? ಏನಾಯ್ತು ನಿಂಗೆ?"

ಗೆಥಿನ್‌ನ ಮುಖ ಬಿಳಿಚಿಕೊಂಡಿತ್ತು. "ಮಾವ, ಇದು ಲೆಕ್ಕಕ್ಕಿಲ್ಲ. ನಾನಿನ್ನೂ ಅವಳ ಗಂಡ ಆಗಿಲ್ವಲ್ಲ" ಎಂದ.

"ಮಾತು ಕೊಟ್ಟಿದ್ಯಲ್ಲೋ, ಹಾಳಾದೋನೇ!"

"ಮರ್ತೆ ಮಾವ. ಅವಳ ಮುಖ ನೋಡಿ ಮರ್ತೇಬಿಟ್ಟೆ."

ಲೌರಿ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ತಾನು ಹುಟ್ಟಿದಾಗಿನಿಂದ ಅಪ್ಪ ತನ್ನ ಕೈಗೆ ಚಾಕು, ಕತ್ತರಿ, ಕೊನೆಗೆ ಒಂದು ಮೊಳೆಯನ್ನೂ ಕೊಟ್ಟವನಲ್ಲ. ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಆಮೇಲೆ ಅವಳು ಎತ್ತಿಕೊಳ್ಳಬೇಕು. ಮರ್ಯಾದಸ್ಥರ ಮನೆಯಲ್ಲೆಲ್ಲ ಹೀಗೇ ಎಂದುಕೊಂಡಿದ್ದಳು. ಗೆಥಿನ್‌ನ ಮನೆಗೆ ಮೊದಲ ಸಲ ಊಟಕ್ಕೆ ಹೋದಾಗ ಅವನಪ್ಪ ಬ್ರೆಡ್ ಕೊಯ್ಯಲು ಚಾಕು ಚಾಚಿದರೆ, ಇವಳು ಕೈ ಕಟ್ಟಿಕೊಂಡು ಕೂತೇ ಇದ್ದಳು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದ್ದರು. ಆ ನೋಟ ಈಗ ನೆನಪಾಯಿತು.

"ಏನು ಮಾತು? ಯಾರಾದ್ರೂ ಬಾಯಿ ಬಿಡ್ತೀರೋ ಇಲ್ವೋ?"

ಇಥೆಲ್ ಲಂಗ ಬಿಡದೆಯೇ ಹೇಳಿದ. "ನಿಮ್ಮಮ್ಮ ಈ ಕೆಳಗಿನ ಕೆರೆಯೊಳಗಿಂದ ಬಂದೋಳು. ಮನುಷ್ಯರಲ್ಲ, ನೀರೊಳಗಿರೋ ಚೆಲುವರ ಕುಲದೋಳು. ಕಟ್ಕೊಳ್ಳುವಾಗ ಒಂದೇ ಮಾತು ತಗೊಂಡ್ಲು, ನಿನ್ನ ಕೈಯಿಂದ ಕಬ್ಬಿಣ ನನಗೆ ತಾಗಬಾರದು ಅಂತ. ನಿಂಗಾಗ ಇನ್ನೂ ಹಲ್ಲೂ ಬಂದಿರ್ಲಿಲ್ಲ. ಕುದುರೆ ಕೈಗೆ ಸಿಗ್ಲಿಲ್ಲ ಅಂತ ಸಿಟ್ಟಲ್ಲಿ ಕಡಿವಾಣ ಬೀಸಿದೆ. ಅವಳ ಭುಜಕ್ಕೆ ತಾಗ್ತು. ಬೈಲಿಲ್ಲ, ಅಳಲಿಲ್ಲ. ಏಪ್ರನ್ ಬಿಚ್ಚಿ, ಮಡಚಿ ಗೋಡೆ ಮೇಲಿಟ್ಟು, ಕೆರೆಗೆ ಇಳಿದು ಹೋದ್ಲು."

"ಅಮ್ಮ ಜ್ವರದಲ್ಲಿ ತೀರಿಕೊಂಡ್ಲು ಅಂದಿದ್ದೆ ನೀನು."

"ಅಂದಿದ್ದೆ."

"ಮುಳುಗಿದ್ಲಾ?"

"ಬಲೆ ಹಾಕ್ಸಿದೆ. ಏನೂ ಸಿಗ್ಲಿಲ್ಲ. ಹೆಜ್ಜೆ ನೀರಿನ ತನಕ ಇದ್ವು, ಅಷ್ಟೆ."

ಲೌರಿ ಗೋರಿಗಳಿದ್ದ ಕಡೆ ತಿರುಗಿ ನೋಡಿದಳು. ಪ್ರತಿ ವರ್ಷ ಹೂವಿನ ಭಾನುವಾರ ಇಡೀ ಊರು ತಮ್ಮ ತಮ್ಮವರ ಗೋರಿ ತೊಳೆದು ಹೂ ಮುಚ್ಚುವಾಗ, ಅವಳೂ ಅಮ್ಮನ ಕಲ್ಲಿನ ಮುಂದೆ ಕೂತು ಹಳದಿ ಹೂಗಳನ್ನು ಜೋಡಿಸುತ್ತಿದ್ದಳು. ಗೆಥಿನ್ ಜೊತೆ ಮದುವೆ ನಿಶ್ಚಯವಾದದ್ದನ್ನೂ ಮೊದಲು ಹೇಳಿದ್ದು ಆ ಕಲ್ಲಿಗೇ.

"ಹಾಗಾದ್ರೆ ನಾನು ಹೂವಿಟ್ಟಿದ್ದು ಯಾರಿಗೆ?"

"ಅಲ್ಲಿ ಏನೂ ಇಲ್ಲ, ಮಗಾ. ಕಲ್ಲು ನಾನೇ ಕೆತ್ತಿದ್ದು."

"ಊರಿಗೆಲ್ಲ ಗೊತ್ತಿತ್ತಾ?"

ಗೆಥಿನ್ ಕಣ್ಣು ತಪ್ಪಿಸಿದ. ಗೊತ್ತಿತ್ತು. ಪಾದ್ರಿಗೆ ಗೊತ್ತಿತ್ತು, ಹಾಲಿನವಳಿಗೆ ಗೊತ್ತಿತ್ತು. ಖಾಲಿ ಮಣ್ಣಿನ ಮುಂದೆ ಮಾತಾಡುತ್ತಿದ್ದ ಪೆದ್ದಿಗೊಬ್ಬಳಿಗೆ ಬಿಟ್ಟು. ಸಿಟ್ಟೋ ನಾಚಿಕೆಯೋ, ಅವಳ ಕಿವಿ ಸುಡತೊಡಗಿತು.

"ಈ ಮದುವೆ ಬೇಡ" ಎಂದ ಇಥೆಲ್. "ನಿಮ್ಮಮ್ಮ ತಗೊಂಡ ಮಾತನ್ನೇ ಇವನ ಹತ್ರ ತಗೊಂಡಿದ್ದೆ, ಆದ್ರೂ ಕಮ್ಮಾರನ ಮನೇಲಿ ಇವತ್ತಲ್ಲ ನಾಳೆ ತಾಗುತ್ತೆ. ನೀನೂ ಹೋಗ್ತೀಯ."

"ನಾನು ಕುಲುಮೆ ಬಿಡ್ತೀನಿ" ಎಂದ ಗೆಥಿನ್. "ಕುರಿ ಕಾಯ್ತೀನಿ, ಏನ್ ಬೇಕಾದ್ರೂ ಮಾಡ್ತೀನಿ."

"ಬಾಯ್ಮುಚ್ಚೋ ನೀನು!" ಲೌರಿ ಗದರಿದಳು. "ನೀವಿಬ್ರೂ ಮಾತು ಕೊಟ್ಟು ಮಾತು ತಗೊಂಡ್ರಿ. ನನ್ನ ಕೇಳಿದ್ರಾ? ಅಮ್ಮ ಕೇಳಿದ್ಲು ಆ ಮಾತನ್ನ. ನಾನು ಕೇಳಿಲ್ಲ." ಅವಳು ಕಡಿವಾಣದತ್ತ ಬೆರಳು ತೋರಿದಳು. "ಅಪ್ಪಾ, ಏಳು. ಅದನ್ನ ಎತ್ತಿ ಕೊಡು. ನಿನ್ನ ಕೈಯಿಂದ ನನ್ನ ಕೈಗೆ."

"ನನ್ ಕೈಲಾಗಲ್ಲ."

"ಕೊಡು. ಇಲ್ಲಾಂದ್ರೆ ನಾನು ಯಾವಾಗ ಹೋಗ್ತೀನೋ ಅಂತ ನಾನೇ ದಿನಾ ಹೆದರ್ಕೊಂಡು ಬದುಕ್ಬೇಕು."

ಇಥೆಲ್ ಎದ್ದ. ಲಗಾಮಿನ ತುದಿ ಹಿಡಿದು ಕಡಿವಾಣವನ್ನು ಎತ್ತಿದ. ಕಬ್ಬಿಣ ತೂಗಾಡಿ ಸದ್ದು ಮಾಡುತ್ತಿತ್ತು. ಲೌರಿ ಅಂಗೈ ಚಾಚಿದಳು. ಅವಳಿಗೂ ಭಯವಿತ್ತು, ಕಾಲುಗಳು ತಾವಾಗಿಯೇ ಕೆರೆಯತ್ತ ನಡೆದುಬಿಟ್ಟರೆ?

ಕಬ್ಬಿಣ ತಣ್ಣಗೆ ಅಂಗೈಗೆ ಬಂತು. ಅವಳು ಬೆರಳು ಮಡಚಿ ಹಿಡಿದುಕೊಂಡಳು. ಕೆಳಗೆ ಕೆರೆಯ ಮೇಲೆ ಗಾಳಿ ಓಡಾಡುತ್ತಿತ್ತು. ಅರ್ಧ ಉಣ್ಣೆಯ ಕುರಿ ಅಂಗಳದಲ್ಲಿ ಮೇಯತೊಡಗಿತ್ತು. ಅವಳು ನಿಂತಲ್ಲೇ ನಿಂತಿದ್ದಳು. ಕಬ್ಬಿಣ ನಿಧಾನಕ್ಕೆ ಬೆಚ್ಚಗಾಯಿತು.

"ನೋಡಪ್ಪಾ, ಇಲ್ಲೇ ಇದ್ದೀನಿ" ಎಂದಳು. "ಇನ್ನು ಬಿಡು."

ಇಥೆಲ್ ಹೂಂ ಎಂದು ತಲೆಯಾಡಿಸಿದ. ಲಗಾಮಿನ ಇನ್ನೊಂದು ತುದಿ ಅವನ ಮುಷ್ಟಿಯಲ್ಲೇ ಇತ್ತು.